ಸಾಲದಲ್ಲಿ ಕೆಟ್ಟ ಹೆಸರನ್ನು ಸರಿಪಡಿಸುವ ಬಗೆ

ಅಂಗಡಿಯ ಉದ್ರಿ ಪುಸ್ತಕದಂತೆ ಬ್ಯಾಂಕುಗಳಿಗೂ ಒಂದು ಲೆಕ್ಕ ಉಂಟು. ನಾವು ಸಾಲ ತೀರಿಸಿದ ರೀತಿಯನ್ನು ನೋಡಿ ಸಿಬಿಲ್ ಸಂಸ್ಥೆಯು 300ರಿಂದ 900ರವರೆಗೆ ಅಂಕ ಕೊಡುತ್ತದೆ. ಕಂತು ತಪ್ಪಿದರೆ ಅಂಕ ಇಳಿಯುತ್ತದೆ. ಮುಂದೆ ಮಕ್ಕಳ ಕಾಲೇಜು ಓದಿಗೆ ಹೆತ್ತವರು ಸಾಲ ಕೇಳಿದಾಗ ಬ್ಯಾಂಕು ಈ ಅಂಕವನ್ನೂ ನೋಡುತ್ತದೆ.

ಇಳಿದ ಅಂಕವನ್ನು ಏರಿಸುವುದು ಹೇಗೆ? ಮೊದಲು ಹಳೆಯ ಬಾಕಿಯನ್ನು ತೀರಿಸೋಣ. ಬಳಿಕ, ನಿಶ್ಚಿತ ಠೇವಣಿಯ ಆಧಾರದ ಮೇಲೆ ಹಲವು ಬ್ಯಾಂಕುಗಳು ಕೊಡುವ ಕ್ರೆಡಿಟ್ ಕಾರ್ಡನ್ನು ಪಡೆಯಬಹುದು. ಅದರ ಮಿತಿ 10,000 ರೂಪಾಯಿಯಾದರೆ 3,000ದೊಳಗೆ ಖರ್ಚು ಮಾಡಿ, ಗಡುವಿಗೆ ಮೊದಲೇ ಪೂರ್ತಿ ಹಣ ಕಟ್ಟೋಣ. ಬಿಲ್ಲಿನಲ್ಲಿ ಕಾಣುವ ‘ಕನಿಷ್ಠ ಮೊತ್ತ’ವನ್ನಷ್ಟೇ ಕಟ್ಟಿದರೆ ಉಳಿದುದಕ್ಕೆ ಭಾರಿ ಬಡ್ಡಿ ಬೀಳುತ್ತದೆ.

ಕಾರ್ಡಿನ ಹಣ ನಮ್ಮದಲ್ಲ, ಅದೂ ಸಾಲವೇ. ಕಳೆದ ನಂಬಿಕೆಯನ್ನು ತಿಂಗಳು ತಿಂಗಳೂ ತಪ್ಪದೆ ತೀರಿಸಿಯೇ ಮರಳಿ ಗಳಿಸಬೇಕು.