ಇಂಗ್ಲಿಷಿನ ‘ಇಂಗ್’ ರೂಪಗಳು ಮತ್ತು ಕ್ರಿಯಾವಿಶೇಷಣ: ಕನ್ನಡ ಕೃದಂತಗಳೊಡನೆ ಒಂದು ತೌಲನಿಕ ವಿವೇಚನೆ

ಒಂದೇ ರೂಪದಲ್ಲಿ ನಿಂತು ಹಲವು ಬಗೆಯ ಕಾರ್ಯಗಳನ್ನು ನಿರ್ವಹಿಸುವ ಪ್ರತ್ಯಯಗಳಲ್ಲಿ ಇಂಗ್ಲಿಷಿನ ‘ಇಂಗ್’ ಪ್ರತ್ಯಯ ಮುಖ್ಯವಾದುದು. ‘ರೀಡಿಂಗ್’ ಎಂಬ ಒಂದೇ ಪದ ಸಂದರ್ಭಾನುಸಾರವಾಗಿ ಕನ್ನಡದಲ್ಲಿ ಓದು, ಓದುವಿಕೆ, ಓದುವುದು, ಓದುವ, ಓದುತ್ತ ಎಂಬ ಐದು ರೂಪಗಳನ್ನಾದರೂ ಬೇಡುತ್ತದೆ. ಈ ಐದರಲ್ಲಿ ಯಾವುದನ್ನು ಆರಿಸಬೇಕೆಂಬುದು ಅನುವಾದಕನ ಅಭಿರುಚಿಗೆ ಬಿಟ್ಟ ವಿಷಯವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆದರೆ ‘ಇಂಗ್’ ರೂಪದ ಪಕ್ಕದಲ್ಲಿರುವ ವಿಶೇಷಣವು ಗುಣವಾಚಕವೋ ಕ್ರಿಯಾವಿಶೇಷಣವೋ ಎಂಬುದನ್ನು ನೋಡಿದರೆ ಆಯ್ಕೆಯ ಬಹುಭಾಗ ಅಲ್ಲಿಯೇ ತೀರ್ಮಾನವಾಗಿರುತ್ತದೆ.

ಇದಕ್ಕೆ ಕಾರಣ ಆ ಪ್ರತ್ಯಯದ ಚರಿತ್ರೆಯಲ್ಲಿದೆ. ಪ್ರಾಚೀನ ಇಂಗ್ಲಿಷಿನಲ್ಲಿ ವರ್ತಮಾನ ಕೃದಂತಕ್ಕೆ ‘ಎಂಡೆ’ ಎಂಬ ಪ್ರತ್ಯಯವೂ ಕ್ರಿಯಾಜನ್ಯ ನಾಮಪದಕ್ಕೆ ‘ಉಂಗ್’ ಅಥವಾ ‘ಇಂಗ್’ ಎಂಬ ಪ್ರತ್ಯಯವೂ ಬೇರೆಬೇರೆಯಾಗಿದ್ದುವು. ಮಧ್ಯಕಾಲೀನ ಇಂಗ್ಲಿಷಿನ ಅವಧಿಯಲ್ಲಿ ಇವೆರಡೂ ‘ಇಂಗ್’ ಎಂಬ ಒಂದೇ ರೂಪದಲ್ಲಿ ಕೂಡಿಕೊಂಡುವು. ಅದೇ ಕಾಲದಿಂದ ಮೊದಲ್ಗೊಂಡು, ಅದುವರೆಗೆ ಶುದ್ಧ ನಾಮಪದವಾಗಿದ್ದ ರೂಪವು ಕ್ರಮೇಣ ಕ್ರಿಯಾಪದದ ಗುಣಗಳನ್ನು ಪಡೆಯತೊಡಗಿತು; ಕರ್ಮವನ್ನು ‘ಆಫ್’ ಇಲ್ಲದೆ ನೇರವಾಗಿ ತೆಗೆದುಕೊಂಡಿತು, ಗುಣವಾಚಕದ ಸ್ಥಾನದಲ್ಲಿ ಕ್ರಿಯಾವಿಶೇಷಣವನ್ನು ಸ್ವೀಕರಿಸಿತು. ಆದರೆ ಹಳೆಯ ನಾಮಪದರಚನೆ ಅಳಿಯಲಿಲ್ಲ. ಆದ್ದರಿಂದ ಇಂದಿಗೂ ‘ದ ಕೇರ್‌ಫುಲ್ ರೀಡಿಂಗ್ ಆಫ್ ದ ಟೆಕ್ಸ್ಟ್’ ಎಂಬುದೂ ‘ಕೇರ್‌ಫುಲಿ ರೀಡಿಂಗ್ ದ ಟೆಕ್ಸ್ಟ್’ ಎಂಬುದೂ ಅಕ್ಕಪಕ್ಕದಲ್ಲಿವೆ. ಇವೆರಡರ ಬೆರಕೆಯನ್ನು ಒಪ್ಪದ ರಾಬರ್ಟ್ ಲೌತ್ ತನ್ನ 1762ರ ವ್ಯಾಕರಣದಲ್ಲಿ, ಮುಂದೆ ‘ದ’ ಬಂದರೆ ಹಿಂದೆ ‘ಆಫ್’ ಬರಲೇಬೇಕು, ಇಲ್ಲವಾದರೆ ಎರಡೂ ಇರಬಾರದು ಎಂದು ವಿಧಿಸಿದನು. ಇಪ್ಪತ್ತನೆಯ ಶತಮಾನದ ವ್ಯಾಕರಣಕಾರರು ವಿಧಿಸುವುದಕ್ಕಿಂತ ವಿವರಿಸುವುದರಲ್ಲಿ ಹೆಚ್ಚು ಆಸಕ್ತಿ ತೋರಿದರು. ಕ್ವರ್ಕ್ ಮತ್ತು ಸಂಗಡಿಗರ 1985ರ ಬೃಹತ್ ವ್ಯಾಕರಣವು ‘ಪೇಂಟಿಂಗ್’ ಎಂಬ ಒಂದೇ ಪದವನ್ನಿಟ್ಟುಕೊಂಡು ಅಚ್ಚ ನಾಮಪದದಿಂದ ಅಚ್ಚ ಕ್ರಿಯಾರೂಪದವರೆಗಿನ ಮೆಟ್ಟಿಲುಗಳನ್ನು ತೋರಿಸುತ್ತದೆ. ಹಡಲ್‌ಸ್ಟನ್ ಮತ್ತು ಪುಲಮ್ ಅವರ 2002ರ ಕೇಂಬ್ರಿಜ್ ವ್ಯಾಕರಣವು ಜೆರಂಡ್, ಪಾರ್ಟಿಸಿಪಲ್ ಎಂಬ ಹಳೆಯ ಭೇದವನ್ನೇ ಕೈಬಿಟ್ಟು ಎರಡನ್ನೂ ‘ಜೆರಂಡ್-ಪಾರ್ಟಿಸಿಪಲ್’ ಎಂಬ ಒಂದೇ ಹೆಸರಿನಡಿ ತಂದಿತು. ಹೆಸರುಗಳು ಹೇಗೇ ಬದಲಾದರೂ ನಾಮಪದವನ್ನೂ ಕ್ರಿಯಾರೂಪವನ್ನೂ ಬೇರ್ಪಡಿಸುವ ಒರೆಗಲ್ಲುಗಳಲ್ಲಿ ಕ್ರಿಯಾವಿಶೇಷಣದ ಸ್ಥಾನ ಕುಂದಿಲ್ಲ.

ಈ ಎರಡೂ ರಚನೆಗಳು ಒಂದೇ ಗ್ರಂಥದಲ್ಲಿ ಎದುರುಬದುರಾಗಿರುವುದಕ್ಕೆ 1860ರ ಭಾರತೀಯ ದಂಡ ಸಂಹಿತೆಗಿಂತ ಉತ್ತಮವಾದ ಉದಾಹರಣೆ ದೊರೆಯುವುದು ಕಷ್ಟ. ಅದರ 371ನೆಯ ಪ್ರಕರಣದ ಶೀರ್ಷಿಕೆ ‘ಹ್ಯಾಬಿಚುವಲ್ ಡೀಲಿಂಗ್ ಇನ್ ಸ್ಲೇವ್ಸ್’. 413ನೆಯ ಪ್ರಕರಣದ್ದು ‘ಹ್ಯಾಬಿಚುವಲಿ ಡೀಲಿಂಗ್ ಇನ್ ಸ್ಟೋಲನ್ ಪ್ರಾಪರ್ಟಿ’. ಮೊದಲನೆಯದರಲ್ಲಿ ಗುಣವಾಚಕ, ಎರಡನೆಯದರಲ್ಲಿ ಕ್ರಿಯಾವಿಶೇಷಣ. ಎರಡೂ ಪ್ರಕರಣಗಳ ಒಡಲಿನಲ್ಲಿ ‘ಹ್ಯಾಬಿಚುವಲಿ’ ಎಂಬ ಕ್ರಿಯಾವಿಶೇಷಣವೇ ಪೂರ್ಣಕ್ರಿಯಾಪದದೊಡನೆ ಬರುವುದರಿಂದ ಶಿಕ್ಷೆಯ ಮಟ್ಟಿಗೆ ಶೀರ್ಷಿಕೆಯ ಈ ವ್ಯತ್ಯಾಸಕ್ಕೆ ಮಹತ್ತ್ವವಿಲ್ಲ. ವ್ಯಾಕರಣದ ಮಟ್ಟಿಗೆ ಮಾತ್ರ ಇದೆ. ಮೊದಲನೆಯದು ಒಂದು ಬಗೆಯ ದಂಧೆಯನ್ನು ಹೆಸರಿಸುತ್ತದೆ: ‘ರೂಢಿಗತವಾದ ಗುಲಾಮರ ವ್ಯವಹಾರ’. ಎರಡನೆಯದು ಕಾಣದ ಕರ್ತೃವೊಬ್ಬನ ಕೆಲಸವನ್ನು ಹೇಳುತ್ತದೆ: ‘ಕಳವಿನ ಮಾಲಿನಲ್ಲಿ ರೂಢಿಯಾಗಿ ವ್ಯವಹರಿಸುವುದು’. ಇಂಗ್ಲಿಷಿನಲ್ಲಿ ‘ಡೀಲಿಂಗ್’ ಬದಲಾಗದೆ ನಿಂತಿದೆ. ಕನ್ನಡದಲ್ಲಿ ‘ವ್ಯವಹಾರ’ವು ‘ವ್ಯವಹರಿಸುವುದು’ ಆಗಲೇಬೇಕಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮೊದಲ ಶೀರ್ಷಿಕೆ 145ನೆಯ ಪ್ರಕರಣಕ್ಕೆ ಹೋಗಿ ಉಳಿದುಕೊಂಡಿದೆ. ಕಳವಿನ ಮಾಲಿಗೆ ಸಂಬಂಧಿಸಿದ ಪ್ರಕರಣಗಳೆಲ್ಲ 317ರಲ್ಲಿ ಒಂದಾದುದರಿಂದ ಎರಡನೆಯ ಶೀರ್ಷಿಕೆ ಕಣ್ಮರೆಯಾಗಿದೆ.

‘ವಾಲಂಟರಿಲಿ ಕಾಸಿಂಗ್ ಹರ್ಟ್’ ಎಂಬ 321ನೆಯ ಪ್ರಕರಣದ ಶೀರ್ಷಿಕೆ ಇನ್ನೂ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ. ಇಲ್ಲಿ ‘ವಾಲಂಟರಿಲಿ’ ಎಂಬುದು ‘ಕಾಸಿಂಗ್’ ಎಂಬ ಕ್ರಿಯೆಗೆ ಅನ್ವಯವಾಗುತ್ತದೆಯೇ ಹೊರತು ‘ಹರ್ಟ್’ ಎಂಬ ನಾಮಪದಕ್ಕಲ್ಲ. ಕನ್ನಡದ ಶೀರ್ಷಿಕೆಗಳಿಗೆ ನಾಮಪದಗಳ ಸಂಕ್ಷಿಪ್ತತೆ ಪ್ರಿಯವಾದುದರಿಂದ ಇದನ್ನು ‘ಸ್ವಇಚ್ಛೆಯ ಗಾಯ’ ಎಂದು ಕುಗ್ಗಿಸುವ ಆಸೆ ಹುಟ್ಟಬಹುದು. ಹಾಗೆ ಕುಗ್ಗಿಸಿದ ಕ್ಷಣವೇ ಇಚ್ಛೆ ಯಾರದೆಂಬುದು ಮಸುಕಾಗುತ್ತದೆ. ಗಾಯಗೊಂಡವನೇ ಬಯಸಿ ಪಡೆದ ಗಾಯವೆಂಬ ಅರ್ಥಕ್ಕೂ ಎಡೆಯಾಗುತ್ತದೆ. ‘ಸ್ವಇಚ್ಛೆಯಿಂದ ಗಾಯಗೊಳಿಸುವುದು’ ಎಂದಾಗ ಮಾತ್ರ ಇಚ್ಛೆಯು ಕ್ರಿಯೆಗೂ, ಅದರ ಮೂಲಕ ಕರ್ತೃವಿಗೂ ಅಂಟಿಕೊಳ್ಳುತ್ತದೆ. ಆರೋಪಿಯ ಮನಃಸ್ಥಿತಿಯೇ ಅಪರಾಧದ ತಿರುಳಾಗಿರುವ ಕಡೆಯಲ್ಲಿ ‘ಇಂದ’ ಪ್ರತ್ಯಯವೋ ‘ಅ’ ಪ್ರತ್ಯಯವೋ ಎಂಬುದು ಬರಿಯ ಶೈಲಿಯ ಪ್ರಶ್ನೆಯಲ್ಲ.

ಇಲ್ಲಿಂದ ಕನ್ನಡ ವ್ಯಾಕರಣದತ್ತ ತಿರುಗಿದರೆ ಒಂದು ತೊಡಕು ಎದುರಾಗುತ್ತದೆ. ಶಾಲಾ ವ್ಯಾಕರಣಗಳು ಕೃದಂತಗಳನ್ನು ಕೃದಂತನಾಮ, ಕೃದಂತ ಭಾವನಾಮ, ಕೃದಂತಾವ್ಯಯ ಎಂದು ಮೂರಾಗಿ ವಿಭಜಿಸುತ್ತವೆ. ಓದುವ, ಓದಿದ ಎಂಬುವು ಮೊದಲನೆಯ ವರ್ಗಕ್ಕೂ ಓದುತ್ತ, ಓದಿ ಎಂಬುವು ಕೊನೆಯ ವರ್ಗಕ್ಕೂ ಸೇರುತ್ತವೆ. ನಡುವಣ ಭಾವನಾಮದಲ್ಲಿ ಓಟ, ನೋಟ, ಓದುವಿಕೆ, ಓಡುವುದು ಮುಂತಾದುವೆಲ್ಲ ಒಟ್ಟಿಗೆ ಇವೆ. ಭಾವಾರ್ಥವೊಂದನ್ನೇ ಲಕ್ಷಿಸಿದರೆ ಈ ವರ್ಗೀಕರಣ ಸರಿ. ಆದರೆ ವಾಕ್ಯದಲ್ಲಿ ಇವುಗಳ ನಡತೆ ಒಂದೇ ಆಗಿಲ್ಲ. ‘ವೇಗವಾದ ಓಟ’ ಎನ್ನಬಹುದು, ‘ವೇಗವಾಗಿ ಓಟ’ ಎನ್ನಲಾಗದು. ‘ವೇಗವಾಗಿ ಓಡುವುದು’ ಎನ್ನಬಹುದು, ‘ವೇಗವಾದ ಓಡುವುದು’ ಎನ್ನಲಾಗದು. ಅಂತೆಯೇ ‘ಕಥೆಯ ಓದು’, ‘ಕಥೆಯನ್ನು ಓದುವುದು’. ‘ಆದ’ ಮತ್ತು ‘ಆಗಿ’ಗಳ ಈ ಭೇದವು ಇಂಗ್ಲಿಷಿನ ‘ಕೇರ್‌ಫುಲ್’, ‘ಕೇರ್‌ಫುಲಿ’ಗಳ ಭೇದಕ್ಕೆ ನೇರವಾಗಿ ಸರಿಹೊಂದುತ್ತದೆ, ವಿಭಕ್ತಿಯ ಭೇದವು ‘ಆಫ್’ ಇರುವ, ಇಲ್ಲದಿರುವ ಭೇದಕ್ಕೆ ಸರಿಹೊಂದುತ್ತದೆ. ಆದ್ದರಿಂದ ‘ಉದು’ ಪ್ರತ್ಯಯಾಂತಗಳನ್ನು ‘ಓಟ’ದ ಜೊತೆಯಲ್ಲಿಟ್ಟು ಪಾಠ ಹೇಳುವುದಕ್ಕಿಂತ, ಹೊರಗೆ ನಾಮಪದದಂತೆ ವಿಭಕ್ತಿಯನ್ನು ಪಡೆದು ಒಳಗೆ ಕ್ರಿಯಾಪದವಾಗಿಯೇ ಉಳಿಯುವ ರೂಪವೆಂದು ಬೇರ್ಪಡಿಸುವುದು ಉಚಿತ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್.ಶಂಕರ ಭಟ್ಟರು ಮಂಡಿಸಿದ ವಾದವನ್ನು ಸಂಪೂರ್ಣವಾಗಿ ಒಪ್ಪದವರೂ ಈ ಒಂದು ಎಡೆಯಲ್ಲಿ ಹಳೆಯ ವರ್ಗೀಕರಣ ಸಾಲದೆಂಬುದನ್ನು ಒಪ್ಪಬೇಕಾಗುತ್ತದೆ.

ಎರಡರ ನಡುವಿನ ಮಬ್ಬು ಪ್ರದೇಶವೂ ಉಂಟು. ಪತ್ರಿಕೆಗಳ ಭಾಷೆಯಲ್ಲಿ ‘ಅಜಾಗರೂಕತೆಯಿಂದ ವಾಹನ ಚಾಲನೆ’, ‘ಅಕ್ರಮವಾಗಿ ಮರಳು ಸಾಗಾಟ’ ಎಂಬಂತಹ ಪ್ರಯೋಗಗಳು ಹೇರಳವಾಗಿವೆ. ಚಾಲನೆ, ಸಾಗಾಟಗಳು ಅಚ್ಚ ನಾಮಪದಗಳಾದರೂ ಅವಕ್ಕೆ ಕ್ರಿಯಾವಿಶೇಷಣ ಸೇರಿದೆ. ‘ಮಾಡುವುದು’ ಎಂಬ ಪದ ಲೋಪವಾಗಿದೆಯೆಂದು ಸಮಾಧಾನ ಹೇಳಬಹುದು. ಇಂತಹ ಪ್ರಯೋಗವನ್ನು ತಪ್ಪೆಂದು ತಳ್ಳಿಹಾಕುವ ಮೊದಲು ಅದರ ಉಪಯೋಗವನ್ನೂ ಗಮನಿಸಬೇಕು: ‘ಅಕ್ರಮ ಮರಳು ಸಾಗಾಟ’ದಲ್ಲಿ ಅಕ್ರಮವಾದುದು ಮರಳೋ ಸಾಗಾಟವೋ ಎಂಬ ಪ್ರಶ್ನೆ ಉಳಿಯುತ್ತದೆ, ‘ಅಕ್ರಮವಾಗಿ’ ಎಂದಾಗ ಉಳಿಯುವುದಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ಇಂತಹದೇ ಸಂದರ್ಭದಲ್ಲಿ ದಂಡ ಸಂಹಿತೆಯ 279ನೆಯ ಪ್ರಕರಣವು ‘ರ‍್ಯಾಷ್ ಡ್ರೈವಿಂಗ್’ ಎಂದು ಗುಣವಾಚಕವನ್ನೇ ಬಳಸಿದೆ. ‘ಡ್ರೈವಿಂಗ್’ ಎಂಬುದಕ್ಕೆ ಅಲ್ಲಿ ಕರ್ಮವಿಲ್ಲ.

ಕ್ರಿಯಾವಿಶೇಷಣದ ಸ್ಥಾನದ ಪ್ರಶ್ನೆ ಇನ್ನೊಂದು. ಇಂಗ್ಲಿಷಿನಲ್ಲಿ ಅದು ‘ಇಂಗ್’ ರೂಪದ ಹಿಂದೆಯೂ ಬರಬಹುದು, ಕರ್ಮದ ಅನಂತರವೂ ಬರಬಹುದು. ಇವೆರಡರ ನಡುವೆ ಮಾತ್ರ ಸಾಮಾನ್ಯವಾಗಿ ಬಾರದು. ಈ ಸ್ವಾತಂತ್ರ್ಯದಿಂದ ಸಂದಿಗ್ಧತೆ ಹುಟ್ಟುತ್ತದೆ. ‘ಪ್ರಾಕ್ಟೈಸಿಂಗ್ ಆಫನ್ ಹೆಲ್ಪ್ಸ್’ ಎಂಬಲ್ಲಿ ‘ಆಫನ್’ ಎರಡು ಕಡೆಗೂ ಕಣ್ಣಿಟ್ಟಿದೆ. ಕ್ರಿಯಾಪದ ಕೊನೆಗೆ ಬರುವ ಕನ್ನಡದಲ್ಲಿ ‘ಆಗಾಗ ಅಭ್ಯಾಸ ಮಾಡುವುದು ನೆರವಾಗುತ್ತದೆ’, ‘ಅಭ್ಯಾಸ ಮಾಡುವುದು ಆಗಾಗ ನೆರವಾಗುತ್ತದೆ’ ಎಂದು ಎರಡೂ ಅರ್ಥಗಳು ತಾವಾಗಿ ಬೇರೆಯಾಗುತ್ತವೆ. ಕನ್ನಡಕ್ಕೆ ತನ್ನದೇ ಆದ ಸಂದಿಗ್ಧತೆ ಇರುವುದು ‘ಉತ್ತ’ ರೂಪದ ಬಳಿ. ‘ಅವನು ಸದ್ದಿಲ್ಲದೆ ಪುಸ್ತಕ ಓದುತ್ತ ಕುಳಿತಿದ್ದನು’ ಎಂಬಲ್ಲಿ ಸದ್ದಿಲ್ಲದಿರುವುದು ಓದಿಗೋ ಕುಳಿತುದಕ್ಕೋ? ‘ಹಿ ಸ್ಯಾಟ್ ಕ್ವಾಯಟ್ಲಿ ರೀಡಿಂಗ್’ ಎಂಬುದರಲ್ಲಿಯೂ ಇದೇ ಸಂದೇಹವಿದೆ. ಇಂಗ್ಲಿಷ್ ಅದನ್ನು ಒಂದು ಅಲ್ಪವಿರಾಮದಿಂದ ಬಗೆಹರಿಸಿಕೊಳ್ಳುತ್ತದೆ. ಕನ್ನಡವು ‘ಪುಸ್ತಕ ಓದುತ್ತ ಸದ್ದಿಲ್ಲದೆ ಕುಳಿತಿದ್ದನು’ ಎಂದು ಪದವನ್ನೇ ಸರಿಸಬೇಕು. ಅಲ್ಪವಿರಾಮವನ್ನು ಕನ್ನಡಕ್ಕೂ ಹಾಗೆಯೇ ತಂದಿಡುವ ಅನುವಾದಗಳು ಓದುಗನಿಗೆ ನೆರವಾಗುವುದಿಲ್ಲ.

‘ಸ್ಟ್ರಿಕ್ಟ್ಲಿ ಸ್ಪೀಕಿಂಗ್’, ‘ಬ್ರಾಡ್ಲಿ ಸ್ಪೀಕಿಂಗ್’ ಎಂಬ ನುಡಿಗಟ್ಟುಗಳಲ್ಲಿಯೂ ಕ್ರಿಯಾವಿಶೇಷಣವು ‘ಇಂಗ್’ ರೂಪಕ್ಕೆ ಸೇರಿದೆ. ಇವುಗಳ ಕರ್ತೃ ಮುಖ್ಯವಾಕ್ಯದ ಕರ್ತೃವಲ್ಲ, ಮಾತನಾಡುತ್ತಿರುವವನೇ. ‘ಸ್ಥೂಲವಾಗಿ ಹೇಳುತ್ತ, ಈ ಕಾವ್ಯ ಎರಡು ಭಾಗಗಳಲ್ಲಿದೆ’ ಎಂದು ಯಾವ ಕನ್ನಡಿಗನೂ ಬರೆಯನು. ‘ಉತ್ತ’ ರೂಪವು ಸಾಮಾನ್ಯವಾಗಿ ಪ್ರಧಾನಕ್ರಿಯೆಯ ಕರ್ತೃವನ್ನೇ ತನ್ನ ಕರ್ತೃವಾಗಿ ಬಯಸುವುದರಿಂದ, ಇಲ್ಲಿ ಹೇಳುವ ಕೆಲಸ ಕಾವ್ಯದ ಪಾಲಿಗೆ ಬಂದುಬಿಡುತ್ತದೆ. ಕರ್ತೃಭೇದವನ್ನು ಸಹಿಸುವುದು ‘ಹೇಳುವುದಾದರೆ’ ಎಂಬ ಪಕ್ಷಾರ್ಥಕ ರೂಪ. ಕನ್ನಡ ವಿಮರ್ಶೆಯ ಗದ್ಯವು ‘ಸ್ಥೂಲವಾಗಿ ಹೇಳುವುದಾದರೆ’ ಎಂಬುದನ್ನು ಯಾವ ವ್ಯಾಕರಣದ ಸೂತ್ರಕ್ಕೂ ಕಾಯದೆ ರೂಢಿಸಿಕೊಂಡಿದೆ. ಕ್ರಿಯಾವಿಶೇಷಣವಾದ ‘ಸ್ಥೂಲವಾಗಿ’ ಅಲ್ಲಿ ಬದಲಾಗದೆ ಉಳಿದಿದೆ. ಬದಲಾದುದು ಅದು ಆತುಕೊಂಡಿರುವ ಕ್ರಿಯಾರೂಪ ಮಾತ್ರ.