ಅರಾಜಕತೆ: ಅರಸನಿಲ್ಲದ್ದೋ, ಅಂಕೆಯಿಲ್ಲದ್ದೋ?

ಪ್ರಶ್ನೆ: ಊರಲ್ಲಿ ಗಲಾಟೆಯಾದರೂ ‘ಅರಾಜಕತೆ’, ಪ್ರಶ್ನೆಪತ್ರಿಕೆ ಸೋರಿಕೆಯಾದರೂ ‘ಅರಾಜಕತೆ’ ಎಂದು ಪತ್ರಿಕೆಗಳು ಬರೆಯುತ್ತವೆ. ಬಿ.ಎ. ಓದುತ್ತಿರುವ ನನ್ನ ಮಗಳ ಪುಸ್ತಕದಲ್ಲಿ ನೋಡಿದರೆ ಅದೊಂದು ರಾಜಕೀಯ ಸಿದ್ಧಾಂತ ಎಂದಿದೆ. ಗಾಂಧೀಜಿಯೂ ತಮ್ಮನ್ನು ಅರಾಜಕತಾವಾದಿ ಎಂದು ಕರೆದುಕೊಂಡಿದ್ದರಂತೆ. ‘ಅನಾರ್ಕಿ’ ಎಂಬ ಪದ ಬಂದದ್ದು ಎಲ್ಲಿಂದ? ಅದರ ಸರಿಯಾದ ಅರ್ಥ ಯಾವುದು?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಎರಡು ಅರ್ಥಗಳೂ ಬಳಕೆಯಲ್ಲಿವೆ, ಎರಡಕ್ಕೂ ಬಹಳ ಹಳೆಯ ಆಧಾರವಿದೆ. ಆದರೆ ಪದದೊಳಗೆ ನಿಜವಾಗಿ ಇರುವುದು ‘ಆಳುವವರಿಲ್ಲ’ ಎಂಬಷ್ಟು ಮಾತ್ರ. ಆಳುವವರಿಲ್ಲದಿದ್ದರೆ ನಾಡು ಕೆಡುತ್ತದೆ ಎಂಬುದು ಪದಕ್ಕೆ ನಾವು ಸೇರಿಸಿಕೊಂಡ ತೀರ್ಪು. ಆ ತೀರ್ಪು ಸರಿಯೇ ಎಂದು ಎರಡೂವರೆ ಸಾವಿರ ವರ್ಷಗಳಿಂದ ವಾದ ನಡೆದಿದೆ. ನಿಮ್ಮ ಮಗಳ ಪುಸ್ತಕಕ್ಕೂ ನಿಮ್ಮ ಪತ್ರಿಕೆಗೂ ಇರುವ ವ್ಯತ್ಯಾಸ ಆ ವಾದದ್ದೇ.

ಪದದ ಹುಟ್ಟು ಗ್ರೀಕ್ ಭಾಷೆಯಲ್ಲಿ. ‘ಅನ್’ ಎಂದರೆ ಇಲ್ಲ, ‘ಆರ್ಖೋಸ್’ ಎಂದರೆ ಮುಂದಾಳು. ಎರಡೂ ಸೇರಿ ‘ಅನಾರ್ಖಿಯಾ’, ಮುಂದಾಳಿಲ್ಲದ ಸ್ಥಿತಿ. ಈ ‘ಅನ್’ ನಮಗೆ ಹೊಸದಲ್ಲ. ಅನಾದಿ, ಅನಂತ, ಅನರ್ಹ ಎನ್ನುವಾಗ ನಾವು ಬಳಸುವ ಸಂಸ್ಕೃತದ ‘ಅನ್’ ಮತ್ತು ಗ್ರೀಕರ ‘ಅನ್’ ಒಂದೇ ಮೂಲದವು. ‘ಅರಾಜಕ’ದ ಮೊದಲಿನ ‘ಅ’ ಕೂಡ ಅದೇ; ಮುಂದೆ ವ್ಯಂಜನ ಬಂದಾಗ ಅದು ಹಾಗೆ ಮೊಟಕಾಗುತ್ತದೆ. ‘ಆರ್ಖೇ’ ಎಂಬ ಗ್ರೀಕ್ ಮಾತಿಗೆ ‘ಮೊದಲು’ ಎಂಬ ಅರ್ಥವೂ ಇದೆ, ‘ಆಳ್ವಿಕೆ’ ಎಂಬ ಅರ್ಥವೂ ಇದೆ. ಮೊದಲು ಹೆಜ್ಜೆ ಇಟ್ಟವನೇ ಮುಂದಾಳು ಎಂಬ ಎಣಿಕೆ ಅದರ ಹಿಂದಿದೆ. ಹೀಗಾಗಿ 4ನೇ ಶತಮಾನದ ಕ್ರೈಸ್ತ ಧರ್ಮಶಾಸ್ತ್ರಜ್ಞ ನಾಜಿಯಾನ್ಜಸ್‌ನ ಗ್ರೆಗರಿ ಪರಮಪಿತನನ್ನು ‘ಅನಾರ್ಖೋಸ್’ ಎಂದು ಕರೆದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಲ್ಲಿ ಅದರ ಅರ್ಥ ಮೊದಲಿಲ್ಲದವನು, ಅನಾದಿ.

ಈ ಪದ ಹೋಮರನ ಇಲಿಯಡ್‌ನಲ್ಲೇ ಸಿಗುತ್ತದೆ. ಟ್ರಾಯ್‌ನ ದಡದಲ್ಲಿ ಎಲ್ಲರಿಗಿಂತ ಮೊದಲು ಹಡಗಿನಿಂದ ಜಿಗಿದು ಸತ್ತ ಪ್ರೊಟೆಸಿಲಾವೋಸ್‌ನ ಪಡೆಯ ಬಗ್ಗೆ ಕವಿ ಹೇಳುತ್ತಾನೆ: ಸೈನಿಕರಿಗೆ ತಮ್ಮ ನಾಯಕನ ಕೊರಗು ಇತ್ತು, ಆದರೆ ಅವರು ‘ಅನಾರ್ಖೋಯ್’ ಆಗಲಿಲ್ಲ, ತಮ್ಮನಾದ ಪೊಡಾರ್ಕೀಸ್ ಪಡೆಯನ್ನು ವಹಿಸಿಕೊಂಡ. ಇಲ್ಲಿ ಬೈಗುಳವೂ ಇಲ್ಲ, ಭಯವೂ ಇಲ್ಲ. ಸೇನೆಗೆ ದಳಪತಿ ಇದ್ದಾನೆಯೇ ಇಲ್ಲವೇ ಎಂಬ ಸರಳ ಸಂಗತಿಯಷ್ಟೇ ಇದೆ.

ಪದಕ್ಕೆ ರಾಜಕೀಯದ ಕಾವು ತಟ್ಟಿದ್ದು ಅಥೆನ್ಸ್‌ನಲ್ಲಿ. ಅಲ್ಲಿನವರು ವರ್ಷಗಳನ್ನು ಅಂಕಿಯಿಂದ ಎಣಿಸುತ್ತಿರಲಿಲ್ಲ. ಪ್ರತಿ ವರ್ಷ ‘ಆರ್ಖೋನ್’ ಎಂಬ ಮುಖ್ಯ ಅಧಿಕಾರಿ ನೇಮಕವಾಗುತ್ತಿದ್ದ, ಆ ವರ್ಷಕ್ಕೆ ಅವನದೇ ಹೆಸರು. ಕ್ರಿ.ಪೂ. 404ರಲ್ಲಿ ಸ್ಪಾರ್ಟಾದ ಎದುರು ಅಥೆನ್ಸ್ ಸೋತಿತು. ಗೆದ್ದವರ ಬೆಂಬಲದಿಂದ ಮೂವತ್ತು ಮಂದಿ ಸಿರಿವಂತರು ಅಧಿಕಾರ ಹಿಡಿದು, ಪ್ರಜಾಸಭೆಯನ್ನು ಮೂಲೆಗೆ ತಳ್ಳಿದರು. ಅವರು ಸುಮಾರು 1,500 ಜನರನ್ನು ಕೊಲ್ಲಿಸಿದರೆಂದು ಪ್ರಾಚೀನ ಲೇಖಕರು ಹೇಳುತ್ತಾರೆ. ಆ ಸಾಲಿಗೆ ಪೈಥೊಡೋರಸ್ ಎಂಬ ಆರ್ಖೋನ್ ಕೂಡ ಇದ್ದ. ಮರುವರ್ಷ ಜನ ಮತ್ತೆ ಗೆದ್ದು ಪ್ರಜಾಪ್ರಭುತ್ವವನ್ನು ತಂದ ಮೇಲೆ, ಆ ವರ್ಷಕ್ಕೆ ಅವನ ಹೆಸರಿಡಲು ಒಪ್ಪಲಿಲ್ಲ. ಪ್ರಜೆಗಳ ಒಪ್ಪಿಗೆಯಿಲ್ಲದೆ ಬಂದವನು ಆರ್ಖೋನ್ ಅಲ್ಲವೇ ಅಲ್ಲ ಎಂದು ಆ ವರ್ಷವನ್ನು ‘ಅನಾರ್ಖಿಯಾ’ ಎಂದು ಕರೆದರು. ಇತಿಹಾಸಕಾರ ಕ್ಸೆನೊಫೋನ್ ಇದನ್ನು ಬರೆದಿಟ್ಟಿದ್ದಾನೆ.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಆ ವರ್ಷ ಅಥೆನ್ಸ್‌ನಲ್ಲಿ ಆಳುವವರಿಗೆ ಬರವಿರಲಿಲ್ಲ. ಒಬ್ಬನಲ್ಲ, ಮೂವತ್ತು ಮಂದಿ ಇದ್ದರು, ಅವರ ಕೈಯಲ್ಲಿ ಕತ್ತಿಯೂ ಇತ್ತು. ಆದರೂ ಜನ ಅದನ್ನು ಅರಾಜಕ ವರ್ಷ ಎಂದರು. ಹಕ್ಕಿಲ್ಲದವರು ಆಳಿದರೆ ಅದೂ ಅರಾಜಕತೆಯೇ ಎಂಬ ಅರ್ಥ ಅಂದೇ ಹುಟ್ಟಿತ್ತು. ಇಂದಿನ ಬಳಕೆಯಲ್ಲಿ ನಾವು ಹೆಚ್ಚುಕಮ್ಮಿ ಮರೆತಿರುವ ಅರ್ಥ ಇದು.

ಗ್ರೀಕರಲ್ಲೇ ಇದರ ಎದುರು ಪಕ್ಷವೂ ಇತ್ತು. ಸೊಫೊಕ್ಲೀಸನ ಆಂಟಿಗನಿ ನಾಟಕದಲ್ಲಿ ದೊರೆ ಕ್ರಿಯಾನ್‌ಗೆ ಅನಾರ್ಖಿಯಾಕ್ಕಿಂತ ದೊಡ್ಡ ಕೇಡು ಬೇರೆ ಇಲ್ಲ. ಅವನ ಬಾಯಲ್ಲಿ ಅದರ ಅರ್ಥ ಅಪ್ಪಣೆ ಮೀರುವುದು. ಮಿತಿಮೀರಿದ ಸ್ವಾತಂತ್ರ್ಯದಿಂದ ಪ್ರಜಾಪ್ರಭುತ್ವ ಅನಾರ್ಖಿಯಾಕ್ಕೆ ಜಾರಿ, ಕೊನೆಗೆ ಸರ್ವಾಧಿಕಾರಿಯ ಕೈಗೆ ಬೀಳುತ್ತದೆ ಎಂದು ಪ್ಲೇಟೋ ಎಚ್ಚರಿಸಿದ.

ಇನ್ನು ನಮ್ಮ ‘ಅರಾಜಕ’. ಇದು ‘ಅನಾರ್ಕಿ’ಗಾಗಿ ಹೊಸದಾಗಿ ಟಂಕಿಸಿದ ಪದವಲ್ಲ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡವನ್ನು ನೋಡಿ. ದಶರಥ ಸತ್ತಿದ್ದಾನೆ, ರಾಮ ಕಾಡಿನಲ್ಲಿದ್ದಾನೆ, ಭರತ ಅಜ್ಜನ ಮನೆಯಲ್ಲಿದ್ದಾನೆ, ಸಿಂಹಾಸನ ಬರಿದಾಗಿದೆ. ಬೆಳಗಾಗುತ್ತಿದ್ದಂತೆ ಹಿರಿಯರು ವಸಿಷ್ಠರ ಮುಂದೆ ಅರಸನಿಲ್ಲದ ನಾಡಿನ ಪಾಡನ್ನು ಒಂದೊಂದಾಗಿ ಎಣಿಸುತ್ತಾರೆ. ಅಲ್ಲಿ ಮಳೆ ಬರದು, ಮಗ ಅಪ್ಪನ ಮಾತು ಕೇಳನು, ವ್ಯಾಪಾರಿ ಸರಕು ಹೇರಿಕೊಂಡು ದೂರದ ದಾರಿ ಹಿಡಿಯನು, ಬೇಸಾಯಗಾರ ಬಾಗಿಲು ತೆರೆದಿಟ್ಟು ಮಲಗನು, ಒಡವೆ ತೊಟ್ಟ ಹುಡುಗಿಯರು ಸಂಜೆ ತೋಟಕ್ಕೆ ಆಡಲು ಹೋಗರು. ಮೀನು ಮೀನನ್ನು ತಿನ್ನುವಂತೆ ಜನ ಜನರನ್ನು ತಿನ್ನುತ್ತಾರೆ. ಇದನ್ನೇ ಅರ್ಥಶಾಸ್ತ್ರ ‘ಮತ್ಸ್ಯನ್ಯಾಯ’ ಎನ್ನುತ್ತದೆ. 8ನೇ ಶತಮಾನದ ಬಂಗಾಳದಲ್ಲಿ ಮತ್ಸ್ಯನ್ಯಾಯವನ್ನು ಕೊನೆಗಾಣಿಸಲೆಂದು ಗೋಪಾಲನನ್ನು ದೊರೆಯಾಗಿ ಆರಿಸಿದರು ಎಂದು ಅವನ ಮಗ ಧರ್ಮಪಾಲನ ಖಾಲಿಂಪುರ ತಾಮ್ರಶಾಸನ ಹೇಳುತ್ತದೆ. ‘ಹೇಳೋರಿಲ್ಲ ಕೇಳೋರಿಲ್ಲ’, ‘ಆಡಿದ್ದೇ ಆಟ, ಹೂಡಿದ್ದೇ ಲಗ್ಗೆ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವ ಚಿತ್ರವೂ ಇದೇ.

ಆದರೆ ಮಹಾಭಾರತದ ಶಾಂತಿಪರ್ವ ಎರಡು ಮಾತನ್ನೂ ಆಡುತ್ತದೆ. ಒಂದು ಕಡೆ ಅರಾಜಕ ನಾಡಿನಲ್ಲಿ ಬಲವಿದ್ದವನು ಬಡವನನ್ನು ನುಂಗುತ್ತಾನೆ, ಅದಕ್ಕೇ ಜನ ಮನುವನ್ನು ದೊರೆಯಾಗಿ ಬೇಡಿ ಪಡೆದರು ಎನ್ನುತ್ತಾನೆ ಭೀಷ್ಮ. ಇನ್ನೊಂದು ಕಡೆ ಅದೇ ಭೀಷ್ಮ ಯುಧಿಷ್ಠಿರನಿಗೆ ತಿಳಿಸುತ್ತಾನೆ: ಮೊಟ್ಟಮೊದಲು ರಾಜ್ಯವೂ ಇರಲಿಲ್ಲ, ರಾಜನೂ ಇರಲಿಲ್ಲ, ಶಿಕ್ಷೆಯೂ ಇರಲಿಲ್ಲ, ಶಿಕ್ಷಿಸುವವನೂ ಇರಲಿಲ್ಲ, ಜನರೇ ಧರ್ಮದಿಂದ ಒಬ್ಬರನ್ನೊಬ್ಬರು ಕಾಯುತ್ತಿದ್ದರು, ಮೋಹ, ಲೋಭ ಹೊಕ್ಕ ಮೇಲೆ ದೊರೆ ಬೇಕಾದ. ಆಳುವವರಿಲ್ಲದೆಯೂ ಬಾಳು ಸಾಧ್ಯ ಎಂಬ ಕಲ್ಪನೆಯನ್ನು ನಾವು ಯುರೋಪಿನಿಂದ ಆಮದು ಮಾಡಿಕೊಳ್ಳಬೇಕಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಗ್ರೀಕ್ ಪದ ಲ್ಯಾಟಿನ್ ಮೂಲಕ ಫ್ರೆಂಚಿಗೆ ಬಂದು, 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿತು. ಮುಂದಿನ ಮುನ್ನೂರು ವರ್ಷ ಅದು ಎದುರಾಳಿಯ ಮೇಲೆ ಎಸೆಯುವ ಕಲ್ಲಾಗಿತ್ತು. ಫ್ರೆಂಚ್ ಕ್ರಾಂತಿಯಲ್ಲಿ ಬ್ರಿಸೊ ಎಂಬ ನಾಯಕ ತನಗಿಂತ ಉಗ್ರರಾದವರನ್ನು ‘ಅನಾರ್ಕಿಸ್ಟರು’ ಎಂದು ಜರೆದ. 1797ರಲ್ಲಿ ಅಲ್ಲಿನ ಸರ್ಕಾರ ಅರಸೊತ್ತಿಗೆಯನ್ನೂ ಅನಾರ್ಕಿಯನ್ನೂ ದ್ವೇಷಿಸುತ್ತೇವೆ ಎಂಬ ಪ್ರಮಾಣವಚನವನ್ನೇ ಜಾರಿಗೆ ತಂದಿತು. ಈ ಕಲ್ಲನ್ನು ಆಳುವವರ ಕಡೆಗೇ ತಿರುಗಿಸಿದವನು ಇಂಗ್ಲಿಷ್ ಕವಿ ಶೆಲ್ಲಿ. 1819ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಮತದಾನದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಪಡೆ ಕತ್ತಿ ಬೀಸಿತು. ಅದರ ಬಗ್ಗೆ ಅವನು ಬರೆದ ಕವಿತೆಯಲ್ಲಿ ‘ಅನಾರ್ಕಿ’ ಬಿಳಿ ಕುದುರೆ ಏರಿ ಕಿರೀಟ ತೊಟ್ಟು ಬರುತ್ತದೆ. ಅಥೆನ್ಸಿನವರು ಕಂಡಿದ್ದ ಅರ್ಥ ಅಲ್ಲಿ ಮತ್ತೆ ತಲೆಯೆತ್ತಿತು.

ಬೈಗುಳವನ್ನೇ ಬಿರುದಾಗಿ ಎತ್ತಿಕೊಂಡವನು ಪಿಯರ್-ಜೋಸೆಫ್ ಪ್ರೂಧೋನ್. ಬೆಸಾನ್ಸೋನ್ ಊರಿನ ಬಡ ಮನೆಯ ಹುಡುಗ, ಅಚ್ಚಿನ ಮನೆಯಲ್ಲಿ ಮೊಳೆ ಜೋಡಿಸುತ್ತ ಬೆಳೆದವನು. 1840ರಲ್ಲಿ ಆಸ್ತಿ ಎಂದರೇನು ಎಂದು ಕೇಳುವ ಪುಸ್ತಕ ಬರೆದು, ತಾನು ವ್ಯವಸ್ಥೆಯ ಪಕ್ಕಾ ಗೆಳೆಯ ಮತ್ತು ಪೂರ್ಣ ಅರ್ಥದಲ್ಲಿ ಅನಾರ್ಕಿಸ್ಟ್ ಎಂದು ಒಂದೇ ಉಸಿರಿನಲ್ಲಿ ಸಾರಿದ. ಅಲ್ಲಿಂದ ಈ ಪದ ಒಂದು ಸಿದ್ಧಾಂತದ ಹೆಸರಾಯಿತು. ‘ಅನ್’ ಮತ್ತು ‘ಆರ್ಕಿ’ ನಡುವೆ ಅಡ್ಡಗೆರೆ ಹಾಕಿ ‘ಅನ್-ಆರ್ಕಿ’ ಎಂದು ಅಚ್ಚು ಮಾಡುವ ರೂಢಿಯೂ ಇತ್ತು. ಅಧಿಕಾರ ಬೇಡ ಎನ್ನುತ್ತಿದ್ದೇವೆ, ವ್ಯವಸ್ಥೆ ಬೇಡ ಎನ್ನುತ್ತಿಲ್ಲ ಎಂದು ಓದುಗನಿಗೆ ಕಾಣಿಸಲು ಆ ಗೆರೆ.

ಅವರ ವಾದದ ತಿರುಳನ್ನು ರಷ್ಯದ ಪೀಟರ್ ಕ್ರೊಪೊಟ್ಕಿನ್ ಚೆನ್ನಾಗಿ ಬಿಡಿಸಿಟ್ಟ. ರಾಜಮನೆತನದಲ್ಲಿ ಹುಟ್ಟಿ, ಭೂಗೋಳ ವಿಜ್ಞಾನಿಯಾಗಿ ಸೈಬೀರಿಯ ಸುತ್ತಿದವನು ಅವನು. ಜೀವಲೋಕದಲ್ಲಿ ಪೈಪೋಟಿಯಷ್ಟೇ ಪರಸ್ಪರ ನೆರವೂ ನಡೆದಿದೆ, ಮನುಷ್ಯರೂ ಮೇಲಿನವರ ಅಪ್ಪಣೆಗೆ ಕಾಯದೆ ಕೂಡಿ ಕೆಲಸ ಮಾಡಿಕೊಂಡು ಬಂದಿದ್ದಾರೆ ಎಂಬುದು 1902ರ ಅವನ ‘ಮ್ಯೂಚುಯಲ್ ಏಡ್’ ಪುಸ್ತಕದ ಮಾತು. ನಮ್ಮ ಕಡೆಯ ಮುಯ್ಯಾಳು ಪದ್ಧತಿ ಕಂಡವರಿಗೆ ಇದು ಥಟ್ಟನೆ ಹೊಳೆಯುತ್ತದೆ. ನಾಟಿಯ ಹೊತ್ತಿನಲ್ಲಿ ಇಂದು ನಿಮ್ಮ ಗದ್ದೆಗೆ ನಾಲ್ಕು ಮನೆಯವರು ಬಂದರೆ, ನಾಳೆ ಅವರ ಗದ್ದೆಗೆ ನೀವು ಹೋಗಿ ಮುಯ್ಯಿ ತೀರಿಸುತ್ತೀರಿ. ಕೂಲಿಯಿಲ್ಲ, ಕರಾರುಪತ್ರವಿಲ್ಲ, ಸರ್ಕಾರದ ಸುತ್ತೋಲೆಯಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ. ಬಾಳಿನ ಎಷ್ಟೋ ಭಾಗ ಹೀಗೇ ನಡೆಯಬಲ್ಲದು ಎನ್ನುವವರು ಅರಾಜಕತಾವಾದಿಗಳು. ಆದರೆ ಯಾರ ಗದ್ದೆಗೆ ಯಾರು ಬರಬಹುದು, ಯಾರು ಎಲ್ಲಿ ಕುಳಿತು ಉಣ್ಣಬೇಕು ಎಂಬುದನ್ನು ಊರಿನಲ್ಲಿ ಜಾತಿ ತೀರ್ಮಾನಿಸುತ್ತಿತ್ತು. ಸರ್ಕಾರ ದೂರವಿದ್ದ ಮಾತ್ರಕ್ಕೆ ಆಳುವವರು ಇಲ್ಲವಾಗುವುದಿಲ್ಲ. ಅರಾಜಕತಾವಾದ ಉತ್ತರ ಕೊಡಬೇಕಾದ ಗಟ್ಟಿ ಪ್ರಶ್ನೆ ಇದು.

ಹಾಗಾದರೆ ಅನಾರ್ಕಿಸ್ಟ್ ಎಂದರೆ ಬಾಂಬು, ಕಪ್ಪು ಕೋಟು ಎಂಬ ಚಿತ್ರ ಎಲ್ಲಿಂದ ಬಂತು? 1886ರ ಮೇ 4ರಂದು ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಕಾರ್ಮಿಕರ ಸಭೆಯ ವೇಳೆ ಬಾಂಬ್ ಸಿಡಿಯಿತು. ಎಸೆದವರು ಯಾರೆಂದು ಸಾಬೀತಾಗದಿದ್ದರೂ ಮರುವರ್ಷ ನಾಲ್ವರು ಅನಾರ್ಕಿಸ್ಟರನ್ನು ಗಲ್ಲಿಗೇರಿಸಿದರು. ಇನ್ನೊಂದು ಕಡೆ, ಆ ಪಂಥದ ಕೆಲವರು ನಿಜವಾಗಿಯೂ ಕೊಲೆಗೆ ಇಳಿದರು. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಕಾರ್ನೊ, 1900ರಲ್ಲಿ ಇಟಲಿಯ ದೊರೆ ಉಂಬರ್ಟೊ, 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲಿ ಅವರ ಕೈಯಲ್ಲಿ ಸತ್ತರು. ಹೆಚ್ಚಿನ ಅರಾಜಕತಾವಾದಿಗಳು ಸಂಘ ಕಟ್ಟುವ, ಶಾಲೆ ನಡೆಸುವ, ಪತ್ರಿಕೆ ಹೊರತರುವ ಜನ. ಆದರೆ ಪದಕ್ಕೆ ಅಂಟಿದ ರಕ್ತದ ಕಲೆ ಹೋಗಲಿಲ್ಲ.

ಆ ಕಲೆಯನ್ನು ಬ್ರಿಟಿಷರು ಭಾರತದಲ್ಲಿ ಚೆನ್ನಾಗಿ ಬಳಸಿಕೊಂಡರು. ಬಂಗಾಳದ ಕ್ರಾಂತಿಕಾರಿಗಳು ಬಯಸಿದ್ದು ಸ್ವಂತ ಸರ್ಕಾರವನ್ನು. ಆದರೂ ಪೊಲೀಸ್ ದಾಖಲೆಗಳಲ್ಲಿ ಅವರು ‘ಅನಾರ್ಕಿಸ್ಟರು’. 1919ರ ರೌಲಟ್ ಕಾಯ್ದೆಯನ್ನು ನಾವೆಲ್ಲ ಪಠ್ಯದಲ್ಲಿ ಓದಿದ್ದೇವೆ. ಅದರ ಅಧಿಕೃತ ಹೆಸರಿನಲ್ಲೇ ‘ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳು’ ಎಂದಿದೆ. ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಅವಕಾಶ ಕೊಟ್ಟದ್ದು ಆ ಕಾಯ್ದೆ. ಅದರ ವಿರುದ್ಧ ಎದ್ದ ಚಳವಳಿಯ ನಡುವೆಯೇ ಜಲಿಯನ್‌ವಾಲಾ ಬಾಗ್‌ನಲ್ಲಿ ಗುಂಡು ಹಾರಿತು.

ಗಾಂಧೀಜಿಯ ಮಾತು ಬಂದದ್ದು ರೌಲಟ್ ಕಾಯ್ದೆಗೂ ಮೊದಲು, ಕ್ರಾಂತಿಕಾರಿಗಳಿಗೆ ಈ ಹಣೆಪಟ್ಟಿ ಹಚ್ಚುತ್ತಿದ್ದ ಹಿನ್ನೆಲೆಯಲ್ಲಿ. 1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಪ್ರಾರಂಭೋತ್ಸವದಲ್ಲಿ, ಒಡವೆ ಹೇರಿಕೊಂಡ ಮಹಾರಾಜರ ಮುಂದೆ, ತಾವೂ ಅನಾರ್ಕಿಸ್ಟರೇ ಆದರೆ ಬೇರೆ ಬಗೆಯವರು ಎಂದರು. ಬಾಂಬಿನ ದಾರಿಯನ್ನು ಆ ಭಾಷಣದಲ್ಲೇ ತಿರಸ್ಕರಿಸಿದರು. ಆನಿ ಬೆಸೆಂಟ್ ನಡುವೆ ತಡೆದರು, ಭಾಷಣ ಅರ್ಧಕ್ಕೇ ನಿಂತಿತು. ಮುಂದೆ ಅವರು ತಮ್ಮ ಆದರ್ಶವನ್ನು ‘ಪ್ರಬುದ್ಧ ಅರಾಜಕತೆ’ ಎಂದು ಕರೆದರು. ಪ್ರತಿಯೊಬ್ಬರೂ ತಮ್ಮನ್ನು ತಾವೇ ಆಳಿಕೊಂಡರೆ ಮೇಲಿಂದ ಆಳುವವರು ಬೇಕಾಗುವುದಿಲ್ಲ ಎಂಬುದು ಅದರ ಸಾರ. ಸ್ವರಾಜ್ಯ ಎಂಬ ಮಾತಿನಲ್ಲೂ ಅದೇ ಆಶಯವಿದೆ.

ಇದಕ್ಕೆ ಎದುರಾಗಿ ನಿಲ್ಲುವುದು ಅಂಬೇಡ್ಕರ್ ಅವರ ಮಾತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅವರು, ಸಂವಿಧಾನದ ದಾರಿಗಳು ತೆರೆದಿರುವಾಗ ಅಸಹಕಾರ, ಕಾನೂನುಭಂಗ, ಸತ್ಯಾಗ್ರಹಗಳೂ ‘ಅರಾಜಕತೆಯ ವ್ಯಾಕರಣ’ವೇ, ಅವನ್ನು ಬಿಡಬೇಕು ಎಂದರು. ಊರಿನ ಕಟ್ಟುಪಾಡಿನ ಬಿಸಿ ಉಂಡವರಿಗೆ ಬರೆದಿಟ್ಟ ಕಾನೂನು ಎಷ್ಟು ದೊಡ್ಡ ಆಸರೆ ಎಂಬುದು ಆ ಮಾತಿನ ಹಿಂದೆ ಇದೆ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ ಅದು ಅವ್ಯವಸ್ಥೆ. ಪ್ರಶ್ನೆಪತ್ರಿಕೆ ಸೋರಿದರೆ ಭ್ರಷ್ಟಾಚಾರ. ಗುಂಪು ಅಂಗಡಿಗೆ ಬೆಂಕಿ ಇಟ್ಟರೆ ದೊಂಬಿ. ಇವಕ್ಕೆಲ್ಲ ಕನ್ನಡದಲ್ಲಿ ಸ್ಪಷ್ಟ ಪದಗಳಿವೆ, ಅವನ್ನೇ ಬಳಸಬೇಕು. ಆಡಳಿತವೇ ಕುಸಿದು ಬಲವಿದ್ದವನದೇ ಆಟವಾದಾಗ ಅರಾಜಕತೆ ಎನ್ನುವುದು ಸರಿ. ಅಧಿಕಾರದ ಕುರ್ಚಿಯಲ್ಲಿ ಕುಳಿತವರೇ ಕಾನೂನು ಮುರಿದಾಗಲೂ ಹಾಗೆನ್ನಲು ಅಥೆನ್ಸಿನ ಪ್ರಜೆಗಳ ಮೇಲ್ಪಂಕ್ತಿ ಇದೆ. ಆಳುವವರಿಲ್ಲದೆ ಕೂಡಿ ಬಾಳುವ ಕನಸನ್ನು ಹೇಳುವಾಗ ‘ಅರಾಜಕತಾವಾದ’ ಎಂದರೆ ಗೊಂದಲವಿರದು. ಶಾಂತವಾಗಿ ಬೀದಿಗಿಳಿದ ಜನರನ್ನು ಯಾರಾದರೂ ಅರಾಜಕರು ಎಂದರೆ ಮಾತ್ರ, ಹೇಳುತ್ತಿರುವವರು ಯಾರು, ಯಾವ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ನಿಮ್ಮ ಮಗಳಿಗೆ ಕ್ರೊಪೊಟ್ಕಿನ್‌ನ ಪುಸ್ತಕವನ್ನೂ ಅಂಬೇಡ್ಕರ್ ಅವರ ಆ ಭಾಷಣವನ್ನೂ ಜೊತೆಯಾಗಿ ಓದಲು ಹೇಳಿ. ಮನುಷ್ಯರನ್ನು ಎಷ್ಟು ನಂಬಬಹುದು ಎಂದು ಒಬ್ಬ ಕೇಳುತ್ತಾನೆ. ನಂಬಿಕೆ ಮುರಿದಾಗ ಬಡವನಿಗೆ ದಿಕ್ಕು ಯಾರು ಎಂದು ಇನ್ನೊಬ್ಬರು ಕೇಳುತ್ತಾರೆ. ಎರಡನ್ನೂ ಕೇಳಿಕೊಳ್ಳದವರು ಈ ಪದವನ್ನು ಹೊಗಳಿದರೂ ತೆಗಳಿದರೂ ಅದು ಅರ್ಧ ಮಾತೇ ಆಗುತ್ತದೆ.