ಲೋವರ್ ಪರೇಲ್‌ನಿಂದ ಗೋರೆಗಾಂವ್ ತನಕ

ಡೊಂಬಿವಲಿ
ಅಕ್ಟೋಬರ್ 2025

ಚಿ. ಶ್ರಾವ್ಯಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ದೀಪಾವಳಿಗೆ ಬಂದವಳು ಹೊರಡುವ ಗಡಿಬಿಡಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ಒಂದು ಮಾತು ಕೇಳಿದೆ. ‘ಮಾವ, ಕಾಂತಾರ ನೋಡುವಾಗ ಪಕ್ಕದವರೆಲ್ಲ ಕೈಮುಗಿದು ಅಳ್ತಾ ಇದ್ರು. ನಂಗೆ ಏನೂ ಆಗ್ಲಿಲ್ಲ. ಮುಂಬಯಿಯಲ್ಲೇ ಹುಟ್ಟಿದವಳು ಅಂತ ಹೀಗಾ?’ ಕೇಳಿದವಳು ಉತ್ತರಕ್ಕೆ ನಿಲ್ಲದೆ ರೈಲು ಹಿಡಿಯಲು ಓಡಿದೆ. ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಮುಗಿಸುವ ಸಂಗತಿ ಇದಲ್ಲ ಅನ್ನಿಸಿತು, ಅದಕ್ಕೇ ಈ ಕಾಗದ. ‘ಹುಡುಗಿ ಮರೆತೂ ಆಯಿತು, ನಿಮಗಿನ್ನೂ ಅದೇ ಚಿಂತೆ’ ಎಂದು ನಿನ್ನ ಅತ್ತೆ ನಗುತ್ತಿದ್ದಾಳೆ. ನಗಲಿ.

ಉತ್ತರಕ್ಕೆ ಮೊದಲು ನನ್ನದೇ ಒಂದು ಹಳೆಯ ಸಂಗತಿ ಕೇಳು. ನಾನು ಫೋರ್ಟಿನ ಒಂದು ಕ್ಯಾಂಟೀನಿನಲ್ಲಿ ಹಗಲು ಕೆಲಸ ಮಾಡಿ ರಾತ್ರಿ ಶಾಲೆಗೆ ಹೋಗುತ್ತಿದ್ದ ಕಾಲ ಅದು. 1975ರ ಆಗಸ್ಟ್ 15ಕ್ಕೆ ‘ಶೋಲೆ’ ಬಂತು, ಲ್ಯಾಮಿಂಗ್ಟನ್ ರೋಡಿನ ಮಿನರ್ವಾಕ್ಕೆ. ಪ್ರಚಾರ ಆಗಲೂ ಏನು ಕಡಿಮೆ ಇರಲಿಲ್ಲ. ನಮ್ಮ ರಾಮನಗರದ ಬಂಡೆಗಳ ನಡುವೆ ವರ್ಷಗಟ್ಟಲೆ ಚಿತ್ರೀಕರಣ, 70 ಎಂಎಂ ಪರದೆ, ಸ್ಟೀರಿಯೊ ಸದ್ದು, ಒಂದೇ ಪೋಸ್ಟರಿನಲ್ಲಿ ಅಷ್ಟು ಮಂದಿ ತಾರೆಯರು. ಇಷ್ಟೆಲ್ಲ ಇದ್ದೂ ಮೊದಲ ವಾರ ಸಿನಿಮಾ ವ್ಯಾಪಾರದವರು ‘ಬಿದ್ದು ಹೋಯಿತು’ ಎಂದು ತೀರ್ಪು ಕೊಟ್ಟರು. ಕೊನೆಯಲ್ಲಿ ಜಯ್ ಸಾಯುವುದನ್ನೇ ಬದಲಿಸಿ ಹೊಸದಾಗಿ ಚಿತ್ರಿಸೋಣವೇ ಎಂಬಲ್ಲಿಯವರೆಗೆ ಮಾತು ಹೋಗಿತ್ತಂತೆ. ಪುಣ್ಯಕ್ಕೆ ಬದಲಿಸಲಿಲ್ಲ. ನೋಡಿದವರು ನೋಡದವರಿಗೆ ಹೇಳಿದರು, ಅವರು ಮತ್ತೆ ನಾಲ್ಕು ಜನರಿಗೆ ಹೇಳಿದರು. ಅದೇ ಚಿತ್ರ ಮಿನರ್ವಾದಲ್ಲಿ ಐದು ವರ್ಷ ಓಡಿತು. ಪಾಲಿಡೋರ್ ಕಂಪನಿಯವರು ಅದರ ಸಂಭಾಷಣೆಯನ್ನೇ ರೆಕಾರ್ಡ್ ಮಾಡಿ ಮಾರಿದರು, ಹಾಡಿನ ರೆಕಾರ್ಡಿನ ಹಾಗೆ. ಗಣಪತಿ ಪೆಂಡಾಲಿನ ಮೈಕಿನಲ್ಲೂ ಗಬ್ಬರನ ಗುಡುಗು. ನನಗೆ ಟಿಕೆಟ್ ಸಿಗುವಷ್ಟರಲ್ಲಿ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ, ಯಾರು ಯಾವಾಗ ಏನು ಹೇಳುತ್ತಾರೆ ಎಲ್ಲ ಬಾಯಿಪಾಠ. ಆದರೂ ಠಾಕೂರನ ಶಾಲು ಗಾಳಿಗೆ ಹಾರಿ ತೋಳಿಲ್ಲದ ಅಂಗಿ ಕಂಡಾಗ ನನ್ನ ಎದೆ ಧಸಕ್ಕೆಂದಿತು. ಆ ಧಸಕ್ಕನ್ನು ಯಾರೂ ನನಗೆ ಮೊದಲೇ ಹೇಳಿಕೊಟ್ಟಿರಲಿಲ್ಲ ನೋಡು.

ಶೋಲೆ ನಿರ್ದೇಶಿಸಿದ ಅದೇ ರಮೇಶ್ ಸಿಪ್ಪಿ 1980ರ ಡಿಸೆಂಬರಿನಲ್ಲಿ ‘ಶಾನ್’ ತಂದರು. ಶೋಲೆ ಮಾಡಿದವರ ಮುಂದಿನ ಚಿತ್ರ ಎಂದ ಮೇಲೆ ಕೇಳಬೇಕೆ? ಬಿಡುಗಡೆಗೆ ಮೊದಲೇ ಜನ ಅದನ್ನು ಶೋಲೆಯ ಪಕ್ಕದಲ್ಲಿ ಕೂರಿಸಿ ತಕ್ಕಡಿ ಹಿಡಿದಿದ್ದರು. ಬ್ಯಾಂಕಿಗೆ ಸೇರಿದ ಹೊಸತಾದ್ದರಿಂದ ನನ್ನ ಕಿಸೆಯಲ್ಲೂ ನಾಲ್ಕು ಕಾಸಿತ್ತು. ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡು ಹೋದೆ. ನನಗೆ ಇಷ್ಟವಾಯಿತು ಮಾರಾಯ್ತಿ! ಸಮುದ್ರದ ನಡುವೆ ಅಡ್ಡೆ ಕಟ್ಟಿಕೊಂಡ ಆ ಬೋಳುತಲೆಯ ಶಾಕಾಲ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಆದರೆ ಮರುದಿನ ಡಬ್ಬಿ ಬಿಚ್ಚುವಾಗ ಎಲ್ಲರೂ ‘ಶೋಲೆಯ ಕಾಲಿನ ಧೂಳಿಗೂ ಸಮವಲ್ಲ’ ಎಂದರು, ನಾನೂ ಹೌದೆಂದೆ. ಹೇಳಿ ಹೇಳಿ ಕೆಲವು ವರ್ಷ ನನಗೇ ಹಾಗನ್ನಿಸತೊಡಗಿತ್ತು. ಎಷ್ಟೋ ಕಾಲದ ಮೇಲೆ ಟೀವಿಯಲ್ಲಿ ಬಂದಾಗ ಮತ್ತೆ ಕೂತು ನೋಡಿದೆ, ಮತ್ತೆ ಇಷ್ಟವಾಯಿತು.

ಈಗ ಕಾಂತಾರಕ್ಕೆ ಬರುತ್ತೇನೆ. ಮೊದಲನೆಯದು ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ, ಕನ್ನಡದಲ್ಲಿ ಮಾತ್ರ. ಹಿಂದಿಯಲ್ಲಿ ಬರಲು ಮತ್ತೆ ಎರಡು ವಾರ ಬೇಕಾಯಿತು. ಅದೂ ಕನ್ನಡ ನೋಡಿದವರ ಬಾಯಿಮಾತಿನಿಂದ ಎದ್ದ ಬೇಡಿಕೆಗೆ. ನನಗೆ ಸುದ್ದಿ ಮುಟ್ಟಿಸಿದ್ದು ಹೋಟೆಲು ನಡೆಸುವ ಹಳೆಯ ಗೆಳೆಯ. ‘ನಮ್ಮ ಭೂತ ಪಿಚ್ಚರಿನಲ್ಲಿ ಬಂದಿದೆಯಂತೆ, ಹೋಗಿ ಬಾ’ ಎಂದ, ಅಷ್ಟೇ. ಠಾಣೆಯಲ್ಲಿ ಅರ್ಧ ತುಂಬಿದ ಥಿಯೇಟರು. ಪಕ್ಕದಲ್ಲಿ ಒಬ್ಬ ಮರಾಠಿ ಅಜ್ಜ ಮೊಮ್ಮಗನೊಂದಿಗೆ ಕೂತಿದ್ದರು. ಕನ್ನಡ ಒಂದಕ್ಷರ ಬಾರದು, ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಮೊಮ್ಮಗ ಓದಿ ಹೇಳುತ್ತಿದ್ದ. ವಿರಾಮದಲ್ಲಿ ಅವರು ನನ್ನ ಕಡೆ ತಿರುಗಿ, ಕೊಂಕಣದ ತಮ್ಮ ಊರಲ್ಲೂ ಗಡಿ ಕಾಯುವ ರಾಖಣದಾರ ಇದ್ದಾನೆ, ವರ್ಷಕ್ಕೊಮ್ಮೆ ಕೋಳಿ ಕೊಡುತ್ತೇವೆ ಎಂದರು. ಸಿನಿಮಾದ ಕೊನೆಗೆ ದೈವದ ಆ ಕೂಗು ಎದ್ದಿತಲ್ಲ, ಇಡೀ ಥಿಯೇಟರಿನಲ್ಲಿ ಒಬ್ಬನೂ ಕೆಮ್ಮಲಿಲ್ಲ. ಏನು ಬರಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಬಂದಾಗ ಏನು ಮಾಡಬೇಕೆಂದೂ ಗೊತ್ತಿರಲಿಲ್ಲ. ಅಜ್ಜ ಮೊಮ್ಮಗನ ಕೈ ಹಿಡಿದುಕೊಂಡಿದ್ದರು.

ಈ ಸಲ ‘ಚಾಪ್ಟರ್ 1’ ಬಂದ ರೀತಿ ನೋಡು. ಮೂರು ವರ್ಷದ ಕಾಯುವಿಕೆ. ಸೆಪ್ಟೆಂಬರ್ 22ಕ್ಕೆ ಟ್ರೇಲರು, ಅದರ ಒಂದೊಂದು ತುಣುಕನ್ನೂ ಬಿಡಿಸಿ ಅರ್ಥ ಹೇಳುವ ಇನ್ನೂರು ವೀಡಿಯೊ. ಸಿನಿಮಾ ನೋಡುವ ಮೊದಲು ಮಾಂಸ ತಿನ್ನಬಾರದು, ಕುಡಿಯಬಾರದು ಎಂದು ಯಾರೋ ಪೋಸ್ಟರು ಹರಿಯಬಿಟ್ಟರು. ಅದಕ್ಕೂ ಚಿತ್ರತಂಡಕ್ಕೂ ಸಂಬಂಧ ಇಲ್ಲ ಎಂದು ನಿರ್ದೇಶಕ ರಿಷಬ್ ಶೆಟ್ಟಿಯವರೇ ಹೇಳಬೇಕಾಯಿತು. ಅಕ್ಟೋಬರ್ 2ಕ್ಕೆ ಹಲವು ಭಾಷೆಗಳಲ್ಲಿ ಒಟ್ಟಿಗೇ ಬಿಡುಗಡೆ. ಆಮೇಲೆ ಕೆಲವೆಡೆ ದೈವದ ವೇಷ ಹಾಕಿಕೊಂಡೇ ಜನ ಥಿಯೇಟರಿಗೆ ಬಂದರು. ದಯವಿಟ್ಟು ದೈವಗಳನ್ನು ಅನುಕರಿಸಬೇಡಿ ಎಂದು ನಿರ್ಮಾಪಕರಾದ ಹೊಂಬಾಳೆಯವರು ಕೈಮುಗಿದು ಹೇಳಿಕೆ ಕೊಟ್ಟರು. ತಾವು ಎಬ್ಬಿಸಿದ ಅಲೆ ತಮ್ಮ ಕೈ ಮೀರಿದ್ದು ಅವರಿಗೂ ಗೊತ್ತಾಗಿರಬೇಕು. ಈ ನಡುವೆ ನೀನು ಮೊದಲ ದಿನವೇ ಹೋಗಿ ಕೂತೆ. ಎಲ್ಲಿ ರೋಮಾಂಚನ ಆಗಬೇಕು, ಎಲ್ಲಿ ಕಣ್ಣು ತುಂಬಬೇಕು ಎಂದು ಹತ್ತು ದಿನ ಮೊದಲೇ ಫೋನು ನಿನಗೆ ಪಾಠ ಮಾಡಿಯಾಗಿತ್ತು. ಎಲೆ ಹಾಕುವ ಮೊದಲೇ ತೇಗು ಬಾ ಎಂದರೆ ಹೇಗೆ ಬಂದೀತು? ನಿನ್ನ ಪಕ್ಕದವರ ಅಳು ಸುಳ್ಳು ಅಂತ ನಾನು ಹೇಳುತ್ತಿಲ್ಲ, ಅದು ಅವರದು. ನಿನಗೆ ಏನೂ ಆಗದ್ದಕ್ಕೆ ನೀನು ಹುಟ್ಟಿದ ಊರನ್ನು ದೂರಬೇಡ ಅನ್ನುತ್ತೇನೆ. ನೀನು ಎಂಟು ವರ್ಷದವಳಿದ್ದಾಗ ನಮ್ಮ ಮನೆಯ ದೈವದ ನೇಮದಲ್ಲಿ ಅಜ್ಜಿಯ ಸೆರಗಿನ ಹಿಂದೆ ಅಡಗಿ ನಡುಗಿದ್ದು ನನಗೆ ನೆನಪಿದೆ. ಆಗ ಯಾರೂ ನಿನಗೆ ನಡುಗು ಎಂದಿರಲಿಲ್ಲ.

ಕಥೆ ಮೊದಲೇ ಗೊತ್ತಾಗಿ ಸ್ವಾರಸ್ಯ ಹೋಯಿತು ಎಂದು ನಿಮ್ಮ ಕಾಲದವರು ಹೇಳುತ್ತೀರಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಪತ್ತನಾಜೆಗೆ ಊರಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಹಿಡಿದ ಮೇಲೆ ಕಲಾವಿದರು ಇಲ್ಲಿಗೆ ತಿರುಗಾಟಕ್ಕೆ ಬರುತ್ತಾರೆ. ಮಾಟುಂಗಾದ ಸಭಾಗೃಹದಲ್ಲಿ ಕರ್ಣಪರ್ವ ಎಂದು ಕರಪತ್ರ ಹಂಚಿದರೆ ಕರ್ಣ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರಿದ್ದಾರೆ? ಯಾರ ಕರ್ಣ, ಯಾರ ಶಲ್ಯ, ಭಾಗವತರು ಯಾರು ಎಂಬುದೂ ಕರಪತ್ರದಲ್ಲೇ ಇರುತ್ತದೆ. ಆದರೂ ಹೋಟೆಲು ಮುಚ್ಚಿ ಓಡಿ ಬಂದ ಹುಡುಗರು ಬೆವರು ಒರೆಸುತ್ತಾ ಹಿಂದಿನ ಸಾಲಿನಲ್ಲಿ ನಿಂತೇ ನೋಡುತ್ತಾರೆ. ಇವತ್ತು ಶಲ್ಯ ರಥ ಬಿಟ್ಟು ಇಳಿಯುವಾಗ ಏನು ಅರ್ಥ ಹೇಳುತ್ತಾನೆ ಎಂಬುದು ಅವನಿಗೂ ಆ ಗಳಿಗೆಯ ತನಕ ಗೊತ್ತಿರುವುದಿಲ್ಲ. ಕಥೆ ಗೊತ್ತಿದ್ದರೆ ಕೆಡುಕಿಲ್ಲ. ನನಗೆ ಏನನ್ನಿಸಬೇಕು ಎಂಬುದನ್ನೂ ಯಾರೋ ತೀರ್ಮಾನಿಸಿ ಕೈಗೆ ಕೊಟ್ಟರೆ ಮಾತ್ರ ಆಟ ಅಲ್ಲಿಗೇ ಮುಗಿಯಿತು.

ನಿನ್ನ ಅನ್ನವೂ ಈ ಪ್ರಚಾರದ ಕೆಲಸದಲ್ಲೇ ಇದೆ, ಆದ್ದರಿಂದ ಬೈಯುತ್ತಿದ್ದೇನೆ ಎಂದುಕೊಳ್ಳಬೇಡ. ಜನರಿಗೆ ಸುದ್ದಿ ಮುಟ್ಟಿಸಲೇಬೇಕು. ಸಲೀಂ-ಜಾವೇದರೂ ‘ಜಂಜೀರ್’ ಪೋಸ್ಟರುಗಳಲ್ಲಿ ತಮ್ಮ ಹೆಸರಿಲ್ಲವೆಂದು ಬಣ್ಣದವನನ್ನು ಹಿಡಿದು ಮುಂಬಯಿ ತುಂಬ ಹೆಸರು ಬರೆಸಿದವರೇ. ಕಾಯುವುದರಲ್ಲೂ ಒಂದು ಸುಖವಿದೆ. ಅಡ್ವಾನ್ಸ್ ಬುಕಿಂಗ್ ಸಾಲಿನಲ್ಲಿ ನಿಂತು ಕಿಸೆಯಲ್ಲಿ ಟಿಕೆಟ್ ಇಟ್ಟುಕೊಂಡು ವಾರವಿಡೀ ತಿರುಗುವ ಖುಷಿ ಸಿನಿಮಾಕ್ಕಿಂತ ಹೆಚ್ಚೇ ಇತ್ತೋ ಏನೋ.

ಆದರೆ ಕಳೆದ ವರ್ಷ ಸೆಪ್ಟೆಂಬರ್ 22ರ ಭಾನುವಾರ ಕೋಲ್ಡ್‌ಪ್ಲೇ ಟಿಕೆಟಿಗಾಗಿ ನೀನು ಎರಡು ಫೋನು, ಒಂದು ಲ್ಯಾಪ್‌ಟಾಪ್ ಹರವಿಕೊಂಡು ಊಟ ಬಿಟ್ಟು ಕೂತದ್ದು ನೆನಪಿದೆಯಾ? ಬುಕ್‌ಮೈಶೋದ ಸಾಲಿನಲ್ಲಿ ನಿನ್ನ ಮುಂದೆ ಲಕ್ಷಗಟ್ಟಲೆ ಜನ. ಒಟ್ಟು 1.3 ಕೋಟಿ ಜನ ನುಗ್ಗಿದ್ದರೆಂದು ಆಮೇಲೆ ಲೆಕ್ಕ ಬಂತು. ಕಾಳಸಂತೆಯಲ್ಲಿ ಒಂದೊಂದು ಟಿಕೆಟಿಗೆ ಲಕ್ಷ ಕೇಳಿದರು, ವಿಷಯ ಪೊಲೀಸರ ತನಕ ಹೋಯಿತು. ಟಿಕೆಟ್ ಸಿಗದೆ ನೀನು ಕಣ್ಣೀರು ಹಾಕಿದೆ. ಅವರ ಯಾವ ಹಾಡು ನಿನಗೆ ಇಷ್ಟ ಎಂದು ನಾನು ಕೇಳಿದ್ದಕ್ಕೆ, ‘ಹಾಡಲ್ಲ ಮಾವ, ಎಲ್ಲರೂ ಹೋಗ್ತಾರೆ’ ಅಂದೆ. ಜನವರಿಯಲ್ಲಿ ನೆರೂಲಿನ ಡಿ.ವೈ. ಪಾಟೀಲ್ ಸ್ಟೇಡಿಯಮ್ಮಿನಲ್ಲಿ ಮೂರು ದಿನ ಅವರು ಹಾಡಿದರು. ಆ ವಾರ ನೀನು ಆಫೀಸಿನ ಕೆಲಸದಲ್ಲಿ ಮುಳುಗಿ ಅದರ ಸುದ್ದಿಯನ್ನೇ ಎತ್ತಲಿಲ್ಲ.

ನಿನಗೆ ಅಂಕಿಸಂಖ್ಯೆ ಎಂದರೆ ಪ್ರೀತಿ, ಅದಕ್ಕೆ ಒಂದು ಸಂಗತಿ ಹೇಳುತ್ತೇನೆ. 2006ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು ಹೆಸರು ಕೇಳದ ತಂಡಗಳ 48 ಹಾಡುಗಳನ್ನು ಅಂತರ್ಜಾಲದಲ್ಲಿ ಇಟ್ಟರು. ಕೇಳಲು ಬಂದ ಹದಿನಾಲ್ಕು ಸಾವಿರ ಜನರನ್ನು ಗುಂಪು ಗುಂಪಾಗಿ ಬೇರ್ಪಡಿಸಿದರು. ಒಂದು ಗುಂಪಿಗೆ ಬರೀ ಹಾಡು, ಉಳಿದ ಎಂಟು ಗುಂಪಿನವರಿಗೆ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕವೂ ಕಾಣುತ್ತಿತ್ತು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಯಾವುದು ಗೆಲ್ಲುತ್ತದೆ ಎಂಬುದಂತೂ ಗುಂಪಿನಿಂದ ಗುಂಪಿಗೆ ಬೇರೆ. ತೀರಾ ಒಳ್ಳೆಯದು ನೆಲ ಕಚ್ಚಿದ್ದು ಅಪರೂಪ, ತೀರಾ ಕೆಟ್ಟದ್ದು ತಲೆ ಎತ್ತಿದ್ದೂ ಅಪರೂಪ. ನಡುವಿನ ಹಾಡುಗಳ ಹಣೆಬರಹ ಮಾತ್ರ ಮೊದಲು ಬಂದವರ ಕೈಯಲ್ಲಿತ್ತು. ನನ್ನ ಶಾನ್ ಈ ನಡುವಿನದ್ದೇ ಇರಬೇಕು.

ಹೊಗಳಿಕೆಯ ಗದ್ದಲ ಒಂದು ಕಡೆ. ಬಿಡುಗಡೆಯಾದ ಎರಡನೇ ದಿನಕ್ಕೇ ‘ಅಷ್ಟೇನಿಲ್ಲ’, ‘ಸುಮ್ಮನೆ ಬಿಲ್ಡಪ್’ ಎನ್ನುವವರ ಗದ್ದಲ ಇನ್ನೊಂದು ಕಡೆ. ಎರಡನೆಯದು ಬುದ್ಧಿವಂತರ ಹಾಗೆ ಕಾಣುವುದರಿಂದ ನಿನ್ನ ವಯಸ್ಸಿನವರನ್ನು ಬೇಗ ಸೆಳೆಯುತ್ತದೆ. ನನ್ನನ್ನು ಶಾನ್ ವಿಷಯದಲ್ಲಿ ಹಿಡಿದದ್ದೂ ಅದೇ. ಎಲ್ಲರೂ ಅಳುವಾಗ ಅಳುವುದಕ್ಕೂ, ಎಲ್ಲರೂ ಅಳುತ್ತಾರೆಂದೇ ಮೂಗು ಮುರಿಯುವುದಕ್ಕೂ ನಾನು ಹೆಚ್ಚು ವ್ಯತ್ಯಾಸ ಕಾಣೆ.

ಟ್ರೇಲರ್ ನೋಡಬೇಡ, ಮೊದಲ ದಿನ ಹೋಗಬೇಡ ಎಂದು ನಾನು ಹೇಳಿದರೆ ನೀನು ಕೇಳುವವಳಲ್ಲ. ಆ ಕೆಲಸದಲ್ಲೇ ಇರುವವಳಿಗೆ ಅದು ಆಗುವ ಮಾತೂ ಅಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ. ಸಿನಿಮಾ ಬಿಟ್ಟ ಮೇಲೆ ಮನೆ ಮುಟ್ಟುವ ತನಕ ಫೋನನ್ನು ಚೀಲದಿಂದ ತೆಗೆಯಬೇಡ. ಲೋವರ್ ಪರೇಲಿನಿಂದ ಗೋರೆಗಾಂವಿಗೆ ಸ್ಲೋ ಲೋಕಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ದಾರಿ. ಕಿಟಕಿ ಸಿಕ್ಕಿದರೆ ಕೂತು, ಸಿಗದಿದ್ದರೆ ಕಂಬಿ ಹಿಡಿದು ನಿಂತು, ಯಾವ ದೃಶ್ಯ ತಾನಾಗಿ ನೆನಪಿಗೆ ಬರುತ್ತದೆ ನೋಡು. ಒಂದೂ ಬಾರದಿದ್ದರೆ ಅದೇ ನಿನ್ನ ಅಭಿಪ್ರಾಯ. ಯಾವುದೋ ಸಣ್ಣ ಸಂಗತಿ, ಯಾರೂ ರೀಲು ಮಾಡದ್ದು, ಬಂದು ಕೂತರೆ ಅದೂ ನಿನ್ನದೇ. ಸ್ಟಾರು, ಅಂಕ, ಯಾರು ಏನಂದರು ಎಂಬುದನ್ನೆಲ್ಲ ಊಟ ಮಾಡಿದ ಮೇಲೆ ಬೇಕಾದಷ್ಟು ನೋಡಿಕೊ.

ಚಾಪ್ಟರ್ 1 ನಾನೂ ನೋಡಿದೆ, ಎರಡು ವಾರ ಕಳೆದ ಮೇಲೆ, ಡೊಂಬಿವಲಿಯ ಹಗಲಿನ ಆಟಕ್ಕೆ. ನನಗೆ ಹೇಗನ್ನಿಸಿತು ಎಂದು ಈ ಕಾಗದದಲ್ಲಿ ಬರೆಯುವುದಿಲ್ಲ. ಬರೆದರೆ ನೀನು ಅದಕ್ಕೂ ತಲೆಯಾಡಿಸುತ್ತೀ ಎಂಬ ಹೆದರಿಕೆ ನನಗೆ. ಮುಂದಿನ ಶನಿವಾರ ಅಮ್ಮನನ್ನೂ ಕರೆದುಕೊಂಡು ಬಾ. ಅತ್ತೆ ನೀರುದೋಸೆಗೆ ಅಕ್ಕಿ ನೆನೆಹಾಕುತ್ತಾಳಂತೆ. ಮೊದಲು ನೀನು ನಿನ್ನದು ಹೇಳು, ನನ್ನದನ್ನು ಆಮೇಲೆ ಹೇಳುತ್ತೇನೆ.

ಇತಿ ನಿನ್ನ ಪ್ರೀತಿಯ
ಮಾವ